ಕ್ಯೂನಲ್ಲಿ ನಿಂತ ರಿಪೋರ್ಟು

1

ಹೇಗೆ ಶುರು ಮಾಡುವುದು? ಸರ್ವರಿನ ಲಾಗಿನಿಂದಲೇ, ಅಂದರೆ ಅದು ತಾನೇ ಬರೆದಿಡುವ ದಿನಚರಿಯಿಂದಲೇ, ಶುರು ಮಾಡೋಣವೆಂದು ಮೊದಲು ಅಂದುಕೊಂಡೆ. "ಎದುರಿನವರ ಸರ್ಟಿಫಿಕೇಟು ನಂಬುವಂತಿಲ್ಲ. ಪತ್ರ ಕ್ಯೂನಲ್ಲಿದೆ. ಆಮೇಲೆ ಮತ್ತೆ ಪ್ರಯತ್ನಿಸಲಾಗುವುದು." ಬರೆದು ಓದಿ ನೋಡಿದೆ. ಕಚೇರಿಯ ಕಿಂಡಿಯೊಳಗಿಂದ ತಲೆ ಎತ್ತದೆ ಕೊಟ್ಟ ಉತ್ತರದ ಹಾಗಿತ್ತು. ಇಂಥದ್ದನ್ನು ಕೇಳಿಸಿಕೊಳ್ಳಲು ಯಾರೂ ಕಥೆ ಓದುವ ಕಷ್ಟ ಪಡಬೇಕಿಲ್ಲ, ಯಾವ ಕಚೇರಿಗೆ ಹೋದರೂ ಪುಕ್ಕಟೆ ಸಿಗುತ್ತದೆ.

ಹೊಡೆದುಹಾಕಿ ಇನ್ನೊಂದು ಬರೆದೆ. "ಅಮ್ಮನ ಕತ್ತಿನ ಪಕ್ಕದಲ್ಲಿ ಒಂದು ಗಂಟು ಎದ್ದಿತ್ತು." ಈಗ ನೀವು ಪುಟ ಮಗುಚುವುದಿಲ್ಲ, ಗೊತ್ತು. ಆದರೆ ಇದು ಸ್ವಲ್ಪ ಕಳ್ಳಾಟವೇ. ಗಂಟನ್ನು ಮುಂದೆ ಹಿಡಿದು, ಅದರ ಹಿಂದೆ ಎರಡು ಸರ್ವರುಗಳನ್ನು ಬಚ್ಚಿಟ್ಟು ನಿಮ್ಮನ್ನು ಒಳಗೆ ಕರೆದ ಹಾಗೆ.

(ಕಥೆಯವಳು ಇಲ್ಲಿಯೇ ಬಾಯಿ ಹಾಕುತ್ತಾಳೆ. "ನನ್ನ ಅಮ್ಮನೇ ಆಗ್ಬೇಕಿತ್ತಾ? ಬೇರೆ ಯಾರ ಅಮ್ಮನೂ ಸಿಗ್ಲಿಲ್ವಾ ನಿಮಗೆ?" ಎಂದು. ಸರ್ಟಿಫಿಕೇಟಿನ ಕಥೆಗೆ ಯಾರು ಕಾಯುತ್ತಾರಮ್ಮ, ಅಮ್ಮನ ಕಥೆಗಾದರೆ ಕಾಯುತ್ತಾರೆ ಎಂದೆ. ಅವಳ ಕಣ್ಣು ಸ್ಕ್ರೀನಿನ ಮೇಲಿತ್ತು.)

1, ಇನ್ನೊಮ್ಮೆ

ಸ್ಕ್ರೀನಿನ ಮೇಲೆ ಏನಿತ್ತೆಂದರೆ, ಒಂದು ಸಾಲು.

ಅವಳು ಒಂದು ಲ್ಯಾಬಿನಲ್ಲಿ ಮೇಲ್ ಸರ್ವರುಗಳನ್ನು ನೋಡಿಕೊಳ್ಳುವವಳು. ರಕ್ತ, ಮಾಂಸದ ತುಣುಕು, ಮತ್ತು ಹೆಸರು ಹೇಳಿದರೆ ಮುಖ ಸಿಂಡರಿಸಿಕೊಳ್ಳುವಂಥ ಇನ್ನೂ ಕೆಲವು ಪದಾರ್ಥಗಳನ್ನು ಪರೀಕ್ಷೆ ಮಾಡುವ ಲ್ಯಾಬು ಅದು. ಎಲ್ಲದಕ್ಕೂ ಬೀಗ, ಬೀಗಕ್ಕೊಂದು ಬೀಗ ಹಾಕುವ ಅವಳ ಸ್ವಭಾವ ನೋಡಿ ಆಫೀಸಿನಲ್ಲಿ ಅವಳಿಗೆ ಚಿಲಕ ಮೇಡಂ ಎಂದು ಹೆಸರಿಟ್ಟಿದ್ದರು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಖುಷಿಯಾಗಿತ್ತು ಕೂಡ.

ಲ್ಯಾಬಿನ ವ್ಯವಸ್ಥೆ ಹೀಗೆ. ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಮ್ಮ ಇರುವುದು ಬೇರೆ ಊರಿನಲ್ಲಿ. ಅವರು ರಿಪೋರ್ಟು ಬರೆದು ಕಳಿಸಿದರೆ ಅದು ಇಲ್ಲಿನ ಒಳಗಿನ ಸರ್ವರಿಗೆ ಬರುತ್ತದೆ. ಒಳಗಿನದು ಅದನ್ನು ಗೇಟಿನ ಸರ್ವರಿಗೆ ಕೊಡುತ್ತದೆ. ಗೇಟಿನದು ಊರಿನ ಡಾಕ್ಟರುಗಳಿಗೆ ಹಂಚುತ್ತದೆ. ಎರಡೂ ಇರುವುದು ಒಂದೇ ಕೋಣೆಯಲ್ಲಿ, ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ, ಒಂದರ ಮೇಲೊಂದು. ಆದರೂ ಒಂದು ಇನ್ನೊಂದಕ್ಕೆ ಪತ್ರ ಕೊಡುವ ಮುಂಚೆ "ನೀನು ಯಾರು, ತೋರಿಸು" ಎಂದು ಕೇಳಬೇಕೆಂದು ಅವಳೇ ನಿಯಮ ಮಾಡಿದ್ದಳು. ಅತ್ತೆ ಸೊಸೆಯರನ್ನು ಒಂದೇ ಅಡುಗೆಮನೆಯಲ್ಲಿ ಬಿಟ್ಟು, ಪ್ರತಿ ಸಲ ಸೌಟು ದಾಟಿಸುವಾಗಲೂ ಗುರುತಿನ ಚೀಟಿ ಕೇಳಿಸಿದ ಹಾಗೆ ಎಂದು ಮ್ಯಾನೇಜರು ಒಮ್ಮೆ ತಮಾಷೆ ಮಾಡಿದ್ದರು. ಒಳಗೆ ಬಂದ ಕಳ್ಳ ಮೊದಲು ಹುಡುಕುವುದೇ ಅಡುಗೆಮನೆ ಸಾರ್ ಎಂದು ಅವಳು ಅಂದಿದ್ದಳು.

ಇವತ್ತು ಬೆಳಗ್ಗೆ ಬಂದವಳೇ ಗೇಟಿನ ಸರ್ವರಿಗೆ ಹೊಸ ಸರ್ಟಿಫಿಕೇಟು, ಅಂದರೆ ಅದರ ಗುರುತಿನ ಚೀಟಿ, ಹಾಕಿದಳು. ಹಳೆಯದರ ಅವಧಿ ಮುಗಿಯುತ್ತಾ ಬಂದಿತ್ತು. ಅದರ ಮೇಲ್ ಪುಟವನ್ನು ತನ್ನ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ನೋಡಿದಳು. ಬೀಗದ ಚಿತ್ರ ನೆಟ್ಟಗಿದೆ, ಹೊಸ ತಾರೀಕು ಕಾಣುತ್ತಿದೆ, ಎಲ್ಲ ಸರಿ. ಕಾಫಿ ತರಲು ಹೋದಳು.

ಆವಾಗಿನಿಂದ ಲ್ಯಾಬಿನಿಂದ ಒಂದೇ ಒಂದು ರಿಪೋರ್ಟು ಹೊರಗೆ ಹೋಗಿಲ್ಲ. ಒಳಗಿನ ಸರ್ವರು ಗೇಟಿನದನ್ನು ನಂಬಲೊಲ್ಲದು. ಎಲ್ಲವೂ ಕ್ಯೂನಲ್ಲಿ ನಿಂತಿವೆ. ಆ ಕ್ಯೂನಲ್ಲಿ ಒಂದು ಸಾಲು ಅಮ್ಮನದು, ಕತ್ತಿನ ಗಂಟಿನಿಂದ ತೆಗೆದ ತುಣುಕಿನ ರಿಪೋರ್ಟು.

2

ಸಾಲಿನಲ್ಲಿ ಅಮ್ಮನ ಹೆಸರೇನೂ ಇಲ್ಲ. ಕಳಿಸಿದವರು, ಸೇರಬೇಕಾದವರು, ಪತ್ರದ ತೂಕ, ಇಷ್ಟೇ. ಕಳಿಸಿದ್ದು ಬೇರೆ ಊರಿನ ಡಾಕ್ಟರಮ್ಮ, ಸೇರಬೇಕಾದದ್ದು ಅಮ್ಮನನ್ನು ನೋಡುವ ಡಾಕ್ಟರು. ಆ ಡಾಕ್ಟರಿಗೆ ಇವತ್ತು ಬಂದಿರುವುದು ಇದೊಂದೇ.

ಈಗ ಎನ್‌ಕ್ರಿಪ್ಷನ್ ಬಗ್ಗೆ ಒಂದು ಮಾತು. ಕಥೆ ಓದುವವರಿಗೆ ಇದಕ್ಕಿಂತ ಹೆಚ್ಚು ಬೇಡ, ಕಡಿಮೆಯೂ ಆಗದು. ಪತ್ರ ಗುಟ್ಟಾಗಿರುವುದು ದಾರಿಯಲ್ಲಿ ಮಾತ್ರ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ಅದು ಮುಸುಕು ಹಾಕಿಕೊಂಡಿರುತ್ತದೆ. ಸರ್ವರಿನೊಳಗೆ ಬಂದು ಕೂತಿತೋ, ಮುಸುಕು ತೆಗೆದಿಡುತ್ತದೆ. ಸರ್ವರಿನ ಯಜಮಾನಿ ಮನಸ್ಸು ಮಾಡಿದರೆ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರಾಯಿತು, ಪತ್ರ ಪೂರ್ತಿ ಕಣ್ಣೆದುರು. ಲೋಕದ ಕಳ್ಳರಿಂದೆಲ್ಲ ಅಮ್ಮನ ರಿಪೋರ್ಟನ್ನು ಕಾಪಾಡಿದ್ದಾಳೆ ಅವಳು. ಈಗ ಅದನ್ನು ಕಾಪಾಡಬೇಕಾಗಿರುವುದು ಅವಳಿಂದಲೇ.

ನೋಡಕೂಡದು ಎಂದು ಅಮ್ಮ ಹೇಳಿದ್ದರು.

ಅಮ್ಮ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ತಂತಿ ಚುಚ್ಚಿ ಊರಿಂದೂರಿಗೆ ಮಾತು ಕೂಡಿಸುವ ಕೆಲಸ. ಕೂಡಿತೋ ಇಲ್ಲವೋ ತಿಳಿಯಲು ನಡುವೆ ಒಂದು ಕ್ಷಣ ಕಿವಿ ಕೊಡಲೇಬೇಕಿತ್ತು, ಕೆಲಸವೇ ಹಾಗೆ. ಹಾಗೆ ಕಿವಿ ಕೊಟ್ಟಾಗ ಒಂದು ಸಲ ತಮ್ಮ ಪಕ್ಕದ ಮನೆಯವಳ ಗಂಡನ ಸುದ್ದಿ ಬಿತ್ತು. ಗಣಿ ಕುಸಿದು ಅವನು ಹೋಗಿಬಿಟ್ಟದ್ದು. ಸುದ್ದಿ ಹೋಗುತ್ತಿದ್ದದ್ದು ಅವಳ ಮೈದುನನಿಗೆ, ಅವಳಿಗಲ್ಲ. ಸಂಜೆ ಬಸ್ಸಿನಲ್ಲಿ ಆಕೆಯೇ ಬಂದು ಅಮ್ಮನ ಪಕ್ಕ ಕೂತಳು. ಗಂಡ ಬರುವಾಗ ಹೊಸ ಹೊಲಿಗೆ ಮಿಷಿನ್ನು ತರುತ್ತಾನೆಂದು ದಾರಿಯುದ್ದಕ್ಕೂ ಹೇಳಿದಳು. ಅಮ್ಮ ಹೂಂಗುಟ್ಟಿದರು. ಇಳಿಯುವ ಹೊತ್ತಿಗೆ ಆಕೆ ಅಮ್ಮನ ಮುಖ ನೋಡಿ ಮಾತು ನಿಲ್ಲಿಸಿದಳಂತೆ. ಚೀಲವನ್ನು ಎದೆಗೆ ಅವುಚಿಕೊಂಡು ಮನೆಗೆ ಓಡಿದಳಂತೆ.

ಇದನ್ನು ಹೇಳಿ ಅಮ್ಮ ಅಂದದ್ದು ಇಷ್ಟು: "ನನ್ನ ಸುದ್ದಿನ ನಾನು ಡಾಕ್ಟರ ಬಾಯಿಂದ ಕೇಳ್ತೀನಿ ಪುಟ್ಟಿ. ನಿನ್ನ ಮುಖದಲ್ಲಿ ಓದೋಕೆ ನನಗಿಷ್ಟ ಇಲ್ಲ."

ಅವಳು ಆಗಲಿ ಎಂದಿದ್ದಳು. ಆಗ ಸುಲಭವಿತ್ತು. ರಿಪೋರ್ಟು ಇನ್ನೂ ಬಂದಿರಲಿಲ್ಲ.

2ರ ಬಾಲ

(ತೂಕ ಎಂದೆನಲ್ಲ, ಪತ್ರದ ತೂಕ, ಅಂದರೆ ಫೈಲು ಎಷ್ಟು ದೊಡ್ಡದೆಂಬ ಲೆಕ್ಕ, ಅದು ಈ ಸಾಲಿನಲ್ಲಿ ಕಾಣುತ್ತದೆ. ಅಮ್ಮನದು ಬೇರೆಯವಕ್ಕಿಂತ ಸ್ವಲ್ಪ ಭಾರ. ಒಳ್ಳೆಯ ಸುದ್ದಿ ಚಿಕ್ಕದಾಗಿರುತ್ತದೆ, "ಏನೂ ಇಲ್ಲ" ಎನ್ನಲು ಎರಡು ಪದ ಸಾಕು. ಭಾರವಿದ್ದರೆ ಡಾಕ್ಟರಮ್ಮ ಹೆಚ್ಚು ಬರೆದಿದ್ದಾರೆ. ಹೆಚ್ಚು ಬರೆದಿದ್ದಾರೆಂದರೆ... ಅಥವಾ ಫೋಟೋ ಸೇರಿಸಿರಬಹುದು. ಫೋಟೋ ಯಾಕೆ ಸೇರಿಸುತ್ತಾರೆ? ತೋರಿಸುವಂಥದ್ದು ಇದ್ದರೆ ತಾನೇ? ಅವಳು ಕ್ಯೂನಲ್ಲಿದ್ದ ಬೇರೆ ಪತ್ರಗಳ ತೂಕವನ್ನೂ ನೋಡತೊಡಗಿದಳು. ಒಂದು ಅಮ್ಮನದಕ್ಕಿಂತಲೂ ಭಾರವಿತ್ತು. ಯಾರೋ ಗುರುತಿಲ್ಲದವರದು. ಆ ಗುರುತಿಲ್ಲದವರದು ಇನ್ನೂ ಭಾರವೆಂದು ಅವಳಿಗೆ ಒಂದು ಗಳಿಗೆ ಸಮಾಧಾನವಾಯಿತು. ಅದಾದ ಮೇಲೆ ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ಕಥೆಯಲ್ಲಿ ಇದನ್ನು ಬರೆಯಬೇಡಿ ಎಂದಳು. ಕಂಸದೊಳಗೆ ಬರೆಯುತ್ತೇನೆ ಎಂದು ಒಪ್ಪಿಸಿದೆ.)

3

ಮ್ಯಾನೇಜರು ಬಂದರು. ಅವರನ್ನು ಕೆಟ್ಟವರನ್ನಾಗಿ ಮಾಡಿದರೆ ಕಥೆಗೆ ಅನುಕೂಲ, ಆದರೆ ಮನುಷ್ಯ ಹಾಗಿಲ್ಲ. ಬಾಗಿಲ ಹತ್ತಿರ ನಿಂತು, ಮೊದಲು ಅಮ್ಮ ಹೇಗಿದ್ದಾರೆಂದು ವಿಚಾರಿಸಿದರು, ಆಮೇಲೆ ರಿಪೋರ್ಟುಗಳು ಯಾಕೆ ಹೋಗುತ್ತಿಲ್ಲವೆಂದು. ಹೊರಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಊರಿನ ಡಾಕ್ಟರುಗಳೆಲ್ಲ ರಿಪೋರ್ಟು ಕೇಳುತ್ತಿದ್ದರು.

ಸರ್ವರುಗಳ ಆ ಗುರುತಿನ ಚೆಕಿಂಗನ್ನು ಇವತ್ತೊಂದು ದಿನ ತೆಗೆದುಬಿಡಿ ಎಂಬುದು ಅವರ ಸಲಹೆ. ಅವಳು ಆಗುವುದಿಲ್ಲವೆಂದಳು. ನಂಬಬೇಡ ಎಂದು ಸರ್ವರು ಹೇಳುತ್ತಿರುವಾಗ, ಯಾಕೆ ನಂಬಬಾರದು ಎಂದು ತಿಳಿಯುವ ಮುಂಚೆ ಅದರ ಬಾಯಿ ಮುಚ್ಚಿಸುವುದು ನಾಯಿ ಬೊಗಳಿತೆಂದು ನಾಯಿಯನ್ನೇ ಮಾರಿದ ಹಾಗೆ. ನಿಜವಾಗಿ ನಡುವೆ ಯಾರೋ ಬಂದು ನಿಂತಿದ್ದರೆ? ಗೇಟಿನ ಸರ್ವರಿನ ವೇಷ ಹಾಕಿಕೊಂಡು ಕೈ ಚಾಚಿದ್ದರೆ? ನಿಮಗೆ ನಗು ಬರಬಹುದು. ಅವಳ ಕಸುಬಿನವರು ಈ ಯೋಚನೆ ಮಾಡುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಾರೆ.

ಮ್ಯಾನೇಜರು ಇನ್ನೂ ಸ್ವಲ್ಪ ಒಳಗೆ ಬಂದು ದನಿ ತಗ್ಗಿಸಿದರು.

"ಬೇರೆಯವರದ್ದು ನಾಳೆ ಹೋದ್ರೂ ನಡಿಯುತ್ತೆ. ನಿಮ್ಮ ಅಮ್ಮಂದು ಅಲ್ಲೇ ಇದೆಯಲ್ಲ. ತೆಗೆದು ಪ್ರಿಂಟ್ ಹಾಕ್ಕೊಂಡು ಹೋಗಿ ಕೊಟ್ಟುಬಿಡಿ. ಸ್ವಂತ ಮಗಳು ನೀವು, ಯಾರು ಏನಂತಾರೆ?"

"ಅಮ್ಮನೇ ಅಂತಾರೆ ಸಾರ್."

ಅವರಿಗೆ ಅರ್ಥವಾಗಲಿಲ್ಲ. ಅಮ್ಮನ ಡಾಕ್ಟರು ಇವತ್ತು ಮಧ್ಯಾಹ್ನ ಸಿಗುತ್ತಾರೆ. ನಾಳೆಯಿಂದ ಊರಲ್ಲಿರುವುದಿಲ್ಲ, ಬರುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಅಮ್ಮ ಕತ್ತು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಕೂರಬೇಕು. ಈಗಾಗಲೇ ಊಟದ ನಡುವೆ ಕೈ ತಟ್ಟೆ ಬಿಟ್ಟು ಕತ್ತಿಗೆ ಹೋಗುತ್ತದೆ. ಬೇರೆ ಊರಿನ ಡಾಕ್ಟರಮ್ಮನಿಂದಲೇ ನೇರ ಕಳಿಸೋಣವೆಂದರೆ ಅವರ ಫೋನು ಆಫ್.

ಮ್ಯಾನೇಜರು ಹೋದ ಮೇಲೆ ಅವಳು ಪತ್ರ ತೆರೆಯುವ ಆ ಒಂದು ಸಾಲನ್ನು ಟೈಪು ಮಾಡಿದಳು. ಎಂಟರ್ ಒತ್ತಲಿಲ್ಲ. ಸಾಲಿನ ಕೊನೆಯಲ್ಲಿ ಕರ್ಸರು ಮಿಟುಕುತ್ತಿತ್ತು.

ನೋಡಿದರೂ ನೋಡಿಲ್ಲ ಅನ್ನಬಹುದಲ್ಲ? ಅನ್ನಬಹುದು. ಮುಖ ಅನ್ನುವುದಿಲ್ಲ.

4 (ಇದನ್ನು ಆಮೇಲೆ ಹೊಡೆದುಹಾಕಿದ್ದೇನೆ)

ಆಗಲೇ ಅಮ್ಮನ ಫೋನು ಬಂತು. ಕ್ಲಿನಿಕ್ಕಿಗೆ ಮುಂಚೆಯೇ ಹೋಗಿ ಕೂತಿದ್ದರು. ಹಿಂದೆ ಇದ್ದ ಹುಡುಗಿಗೆ ನನ್ನ ಗುರುತಿತ್ತು, ಏನೂ ಕೇಳುತ್ತಿರಲಿಲ್ಲ, ಇವಳು ಹೊಸಬಳು, ಯಾರು ಕಳಿಸಿದ್ದು ಅಂತ ಚೀಟಿ ಕೇಳುತ್ತಾಳೆ ಎಂದು ದೂರಿದರು. ಅವಳ ತಲೆಯಲ್ಲಿ ಮಿಂಚು ಹೊಡೆಯಿತು. ಗುರುತು! ಚೀಟಿ! ಅವಳು ಕುರ್ಚಿಯಿಂದ ಜಿಗಿದೆದ್ದು...

ಎಷ್ಟು ಚೆನ್ನಾಗಿದೆ ನೋಡಿ. ತಾಯಿಯ ಬಾಯಿಂದಲೇ ಪರಿಹಾರ. ಓದುಗರ ಕಣ್ಣು ತೇವ. ಬರೆದು ಮುಗಿಸಿ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆದರೆ ಅವಳು ಓದಿ, "ನನ್ನ ಅಮ್ಮ ಕ್ಲಿನಿಕ್ಕಿಂದ ಫೋನ್ ಮಾಡಿ ದೂರು ಹೇಳೋ ಜನ ಅಲ್ಲ. ಎಕ್ಸ್‌ಚೇಂಜಲ್ಲಿದ್ದವರು ಸುಮ್‌ಸುಮ್ನೆ ಲೈನ್ ಹಿಡಿಯಲ್ಲ" ಎಂದಳು. ಅದೂ ನಿಜ. ಅಮ್ಮ ಫೋನು ಮಾಡಲಿಲ್ಲ.

4

ನಿಜಕ್ಕೂ ಆದದ್ದು ಇದಕ್ಕಿಂತ ಸಪ್ಪೆ. ಎಂಟರ್ ಕೀಯ ಎದುರು ಕೂರಲಾಗದೆ ಅವಳು ಎದ್ದು ಹೊರಗೆ ಬಂದಳು. ಅಷ್ಟೇ. ಕೂತಿದ್ದರೆ ಒತ್ತಿಬಿಡುತ್ತಿದ್ದಳು.

ಮುಂದಿನ ಮೇಜಿನಲ್ಲಿ ರಿಸೆಪ್ಷನಿಸ್ಟು ಒಂದು ಕಿವಿಗೆ ಒಂದು ಫೋನು, ಇನ್ನೊಂದು ಕಿವಿಗೆ ಇನ್ನೊಂದು ಹಿಡಿದುಕೊಂಡು ಇಬ್ಬರಿಗೂ ಒಂದೇ ಸುಳ್ಳು ಹೇಳುತ್ತಿದ್ದಳು. ಅವಳೆದುರಿಗಿದ್ದದ್ದು ಹೊಸ ಕಂಪ್ಯೂಟರು, ಮೊನ್ನೆ ತಾನೇ ಡಬ್ಬದಿಂದ ತೆಗೆದದ್ದು. ಅದರಲ್ಲಿ ಮೇಲ್ ಪುಟ ತೆರೆದಿತ್ತು, ಮೇಲೆ ಕೆಂಪು ಗೀಟು ಎಳೆದ ಬೀಗ.

"ಇದೇನಿದು ಕೆಂಪಗೆ?"

"ಬೆಳಗ್ಗೆಯಿಂದ ಬರ್ತಿದೆ ಮೇಡಂ. ಈ ಜಾಗ ನಂಬಬೇಡಿ, ಅಪಾಯ ಇದೆ, ಹಂಗೇನೋ ಬರೆದಿತ್ತು. ಪರವಾಗಿಲ್ಲ ಅಂತ ಒತ್ತಿ ಒಳಗೆ ಹೋದೆ."

"ನನಗೆ ಹೇಳಬಾರದಾ?"

"ನೀವೇ ಇನ್ನೊಂದು ಚಿಲಕ ಹಾಕಿರ್ತೀರ ಅಂದ್ಕೊಂಡೆ."

ಅವಳು ಆ ಮೇಜಿಗೆ ಕೈಯೂರಿ ನಿಂತುಬಿಟ್ಟಳು. ತನ್ನ ಕಂಪ್ಯೂಟರಿನಲ್ಲಿ ಸರಿ, ಇಲ್ಲಿ ತಪ್ಪು. ಒಂದೇ ಸರ್ವರು, ಒಂದೇ ಸರ್ಟಿಫಿಕೇಟು.

ನಿಮಗೂ ತಿಳಿಯಲಿ ಎಂದು ಹೇಳುತ್ತೇನೆ. ಗುರುತಿಲ್ಲದ ಮನೆಯ ಬಾಗಿಲಿಗೆ ನೀವು ಹೋಗುತ್ತೀರಿ. ಯಾರು ಎಂದರೆ ನಿಮ್ಮ ಮಾವ ಕೊಟ್ಟ ಚೀಟಿ ತೋರಿಸುತ್ತೀರಿ. ಆ ಮನೆಯವರಿಗೆ ನಿಮ್ಮ ಮಾವ ಗೊತ್ತಿಲ್ಲ, ಮಾವನ ಹಿರಿಯಣ್ಣ ಗೊತ್ತು. ಹಾಗಾಗಿ ಇನ್ನೊಂದು ಚೀಟಿ ಬೇಕು, "ಇವನು ನನ್ನ ತಮ್ಮನೇ" ಎಂದು ಹಿರಿಯಣ್ಣ ಬರೆದದ್ದು. ಎರಡನ್ನೂ ಕೂಡಿಸಿ ಕೊಟ್ಟರೆ ಬಾಗಿಲು ತೆರೆಯುತ್ತದೆ. ಅವಳು ಬೆಳಗ್ಗೆ ಸರ್ವರಿನ ಕೈಗೆ ಒಂದೇ ಚೀಟಿ ಕೊಟ್ಟು ಕಳಿಸಿದ್ದಳು. ನಡುವಿನದು, ಹಿರಿಯಣ್ಣ ಬರೆದದ್ದು, ಮೇಜಿನ ಮೇಲೇ ಉಳಿದಿತ್ತು. ಅವಳ ಸ್ವಂತ ಕಂಪ್ಯೂಟರು ಈ ಮಾವನನ್ನು ಬೇರೆಲ್ಲೋ ನೋಡಿ ನೆನಪಿಟ್ಟುಕೊಂಡಿತ್ತು, ಅದಕ್ಕೇ ಕೇಳದೆ ಒಳಗೆ ಬಿಟ್ಟಿತು. ಡಬ್ಬದಿಂದ ಈಗಷ್ಟೇ ಎದ್ದುಬಂದ ರಿಸೆಪ್ಷನ್ನಿನದಕ್ಕೆ, ಹೊರಗಿನ ಲೋಕವನ್ನೇ ಕಾಣದ ಒಳಗಿನ ಸರ್ವರಿಗೆ, ಮಾವ ಯಾರೋ ದಾರಿಹೋಕ.

ಲಾಗಿನಲ್ಲಿ ಅದನ್ನೇ ಬರೆದಿತ್ತು. "ಕೊಟ್ಟವರು ಯಾರೆಂದು ತಿಳಿಯದು." ಬೆಳಗ್ಗೆಯಿಂದ ಅವಳು ಅದನ್ನು ಓದುತ್ತಲೇ ಇದ್ದಳು, ಮತ್ತೆ ಮತ್ತೆ ಒಳಗಿನ ಸರ್ವರಿನ ಗಡಿಯಾರವನ್ನೂ ಅದರ ನಂಬಿಕಸ್ಥರ ಪಟ್ಟಿಯನ್ನೂ ಅನುಮಾನಿಸುತ್ತಿದ್ದಳು. ತನ್ನ ಕಣ್ಣಾರೆ ಬೀಗ ನೆಟ್ಟಗೆ ಕಂಡಿತ್ತಲ್ಲ. ಈ ಕಸುಬಿನಲ್ಲಿ ಹೊಸಬರು ಮಾಡುವ ತಪ್ಪು ಇದು. ಹೊಸಬರು ಮಾಡಿದಾಗ ಅವಳು ನಕ್ಕಿದ್ದೂ ಉಂಟು. ಬೆಳಗ್ಗೆ ಫೈಲುಗಳನ್ನು ಆರಿಸುವಾಗ ಅವಳ ಮನಸ್ಸು ಎಲ್ಲಿತ್ತೆಂದು ನಾನು ಹೇಳಬೇಕಿಲ್ಲ.

5

ಕೋಣೆಗೆ ಓಡಿದಳು. ಸ್ಕ್ರೀನಿನಲ್ಲಿ, ಎಂಟರ್ ಒತ್ತದ ಆ ಸಾಲು ಇನ್ನೂ ಮಿಟುಕುತ್ತಿತ್ತು. ಅದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. (ಒಟ್ಟಿಗೇ ಅಳಿಸುವ ಕೀ ಇದೆ. ಅವಳಿಗೆ ಗೊತ್ತು. ಅವಸರದಲ್ಲೂ ಯಾಕೆ ಹಾಗೆ ಮಾಡಿದಳೋ, ನಾನು ಕೇಳಲಿಲ್ಲ.)

ಎರಡು ಚೀಟಿಗಳನ್ನೂ ಒಂದೇ ಫೈಲಿನಲ್ಲಿ ಹೊಂದಿಸಿ ಗೇಟಿನ ಸರ್ವರಿಗೆ ಕೊಟ್ಟಳು. ಅದನ್ನು ಒಮ್ಮೆ ಮಲಗಿಸಿ ಮತ್ತೆ ಎಬ್ಬಿಸಿದಳು. ಕ್ಯೂಗೆ ಹೊರಡು ಎಂದಳು. ಲಾಗು ಓಡತೊಡಗಿತು. ನಂಬಲಾಯಿತು, ಕಳಿಸಲಾಯಿತು. ನಂಬಲಾಯಿತು, ಕಳಿಸಲಾಯಿತು. ಆ ಭಾರದ ಪತ್ರ, ಗುರುತಿಲ್ಲದವರದು, ಹೋಯಿತು. ಅದರ ಬೆನ್ನಿಗೇ ಅಮ್ಮನದೂ ಹೋಯಿತು. ಯಾರದೆಂದು ಸರ್ವರಿಗೆ ಗೊತ್ತಿರಲಿಲ್ಲ, ಎಲ್ಲವಕ್ಕೂ ಒಂದೇ ದನಿ.

ನೀವು ಈಗ ನನ್ನನ್ನು ಕೇಳಬಹುದು. ಸರಿ, ಅವಳು ನೋಡಲಿಲ್ಲ. ನೀವು? ಕಥೆ ನಿಮ್ಮದು. ಅವಳಿಗೆ ಸರ್ವರಿನ ಮೇಲೆ ಎಷ್ಟು ಅಧಿಕಾರವಿದೆಯೋ ನಿಮಗೆ ಈ ಪುಟದ ಮೇಲೆ ಅಷ್ಟಿದೆ. ತೆರೆದು ಹೇಳಬಾರದೇ?

ಹೇಳಲು ಹೊರಟೆ. ಅದರ ಕಥೆಯೇ ಮುಂದಿನದು.

6

ಮುಕ್ತಾಯ ಒಂದು. ಕ್ಲಿನಿಕ್ಕಿನ ಉದ್ದನೆಯ ಬೆಂಚು. ಅಮ್ಮ ಒಳಗೆ ಹೋಗುತ್ತಾರೆ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು "ಏನಿಲ್ವಂತೆ ಕಣೇ, ನೀರಿನ ಗಂಟಂತೆ" ಎನ್ನುತ್ತಾರೆ. ಮಗಳು ಅಳುತ್ತಾಳೆ.

ಮುಕ್ತಾಯ ಎರಡು. ಅಮ್ಮ ಹೊರಗೆ ಬಂದು ಅವಳ ಪಕ್ಕ ಕೂತು, ಮನೆಗೆ ಹೋಗುವಾಗ ತರಕಾರಿ ತಗೊಳ್ಳಬೇಕು ಎನ್ನುತ್ತಾರೆ. ಮಗಳು ಅಳುವುದಿಲ್ಲ.

ಮುಕ್ತಾಯ ಮೂರಕ್ಕೆ ಇನ್ನೂ ಪೆನ್ನು ಎತ್ತಿರಲಿಲ್ಲ. ಅಮ್ಮ ಬಂದರು. ಹೊರಗೆ ಬಂದರು ಎಂದಲ್ಲ, ನನ್ನ ಹತ್ತಿರ ಬಂದರು. ಬೆಂಚಿನಿಂದ ಎದ್ದು, ಒಳಗೆ ಹೋಗುವ ಮುಂಚೆ, ಡಾಕ್ಟರ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನಿಂತರು. ಚಿಕ್ಕ ದೇಹದ, ಕೂದಲು ಬಿಗಿಯಾಗಿ ಕಟ್ಟಿದ ಹೆಂಗಸು. ಕತ್ತಿಗೆ ಒಂದು ತೆಳು ಬಟ್ಟೆ ಸುತ್ತಿಕೊಂಡಿದ್ದರು.

"ನೀನು ಎಲ್ಲಿಗಪ್ಪಾ?"

ನಾನು ತೊದಲಿದೆ. ಕಥೆ ಮುಗಿಸಬೇಕಲ್ಲಮ್ಮ, ಓದುವವರು ಕಾಯುತ್ತಿದ್ದಾರೆ ಎಂದೆ.

"ಕಾಯ್ಲಿ. ನಾನೂ ಕಾದಿದೀನಿ."

ಒಳಗೆ ಬಂದು ಸುಮ್ಮನೆ ಮೂಲೆಯಲ್ಲಿ ನಿಲ್ಲುತ್ತೇನೆ, ಒಂದು ಕ್ಷಣ ಕಿವಿ ಕೊಟ್ಟು ಬಂದುಬಿಡುತ್ತೇನೆ ಎಂದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಯ್ಯುತ್ತಾರೆಂದುಕೊಂಡೆ.

"ಒಂದು ಕ್ಷಣ ಅಂತಲೇ ನಾನೂ ಕೇಳಿದ್ದು. ಬೇಡಪ್ಪ. ಇಲ್ಲೇ ಕೂತ್ಕೋ. ಅವಳೊಬ್ಬಳೇ ಇದಾಳೆ."

ಮಗಳ ಕಡೆ ಒಮ್ಮೆ ನೋಡಿದರು. ನೋಡಿದ್ದು ಅವಳ ಮುಖವನ್ನು, ಎಕ್ಸ್‌ಚೇಂಜಿನವರು ಲೈನು ಪರೀಕ್ಷಿಸುವ ಹಾಗೆ, ಅವಸರವಿಲ್ಲದೆ. ಮಗಳು ಮುಖ ತಗ್ಗಿಸಲಿಲ್ಲ, ಹಾಗೇ ತೋರಿಸಿದಳು. ಅಲ್ಲಿ ಹೆದರಿಕೆ ಇತ್ತು, ಬೇಕಾದಷ್ಟಿತ್ತು. ಸುದ್ದಿ ಇರಲಿಲ್ಲ. ಅಮ್ಮ ತಲೆಯಾಡಿಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡರು.

7

ಹಾಗಾಗಿ ಮೂರನೆಯ ಮುಕ್ತಾಯ ಇಲ್ಲ. ಮೊದಲೆರಡನ್ನೂ ವಾಪಸ್ ತೆಗೆದುಕೊಂಡಿದ್ದೇನೆ, ಅವು ನನ್ನ ಊಹೆ, ಪತ್ರದ ತೂಕ ನೋಡಿ ಮಾಡಿದಂಥವು. ಆ ಗಂಟಿನ ಬಗ್ಗೆ ನಾನು ಎಲ್ಲೂ ಏನೂ ಬರೆದಿಟ್ಟುಕೊಂಡಿಲ್ಲ. ಬೇಕಾದರೆ ಕಾಗದ ಮಗುಚಿ ನೋಡಿ.

ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದೇನೆ. ಎದುರಿಗೆ ಒಂದು ಫ್ಯಾನು ಗೋಡೆಗೆ ಗಾಳಿ ಬೀಸುತ್ತಿದೆ. ಯಾರೋ ಕೆಮ್ಮಿದರು. ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು, ಡಾಕ್ಟರು ಮಾತು ಶುರು ಮಾಡಿರಬೇಕು, ಬಾಗಿಲು ದಪ್ಪನೆಯದು. ಅವಳು ಕೈಬೆರಳುಗಳನ್ನು ಮಡಿಲಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದಾಳೆ. ನನ್ನ ಕಡೆ ತಿರುಗದೆ ಕೇಳಿದಳು.

"ನಿಮಗೆ ಗೊತ್ತು ತಾನೆ?"

"ಇಲ್ಲ" ಎಂದೆ.

ಆಗ ತಿರುಗಿದಳು. ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಕಣ್ಣು ಮಿಟುಕಿಸದೆ. ನಾನು ಅದನ್ನು ಅತ್ತಿತ್ತ ತಿರುಗಿಸದೆ ಹಿಡಿದುಕೊಂಡು ಕೂತಿದ್ದೇನೆ.